‘ಡ್ರಗ್ಸ್ ಟೀಚರ್ ಆಗ್ತೀಯಾ?’ ಅಂತ ಅಮ್ಮ ಕೇಳುತ್ತಾರೆ

ಕಳೆದ ತಿಂಗಳು ಈ ಅಂಕಣದಲ್ಲಿ ಎರಡೇ ಎರಡು ಸಾಲು ಬರೆದಿದ್ದೆ. ಹೊರದೇಶಗಳಲ್ಲಿ ಅಮಲಿನ ಅಣಬೆಯಲ್ಲಿರುವ ಸೈಲೋಸೈಬಿನ್ ಅನ್ನು ಖಿನ್ನತೆಗೆ ಮದ್ದಾಗಿ ಕೊಟ್ಟು ನೋಡುತ್ತಿದ್ದಾರೆ, ಇಲ್ಲಿ ಅದೇ ವಸ್ತು ಜೇಬಿನಲ್ಲಿ ಸಿಕ್ಕರೆ ಜೈಲು, ಅಂತ. ಆ ಎರಡು ಸಾಲಿಗೆ ಬಂದ ಪತ್ರಗಳನ್ನು ನೋಡಿ ಗಾಬರಿಯಾದೆ. ಸೊಸೆ-ಅತ್ತೆ ಜಗಳಕ್ಕೂ ಇಷ್ಟು ಬಂದಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಬರೆದವರ ಗುರುತು ಸಿಗದಂತೆ ಊರು, ವಯಸ್ಸು ಸ್ವಲ್ಪ ಬದಲಿಸಿದ್ದೇನೆ.

*

ಮೇಡಂ, ನಾನು ದಾವಣಗೆರೆಯಲ್ಲಿ ಮನಃಶಾಸ್ತ್ರ ಎಂ.ಎಸ್ಸಿ. ಮಾಡುತ್ತಿದ್ದೇನೆ. ಸೈಕೆಡೆಲಿಕ್ ಥೆರಪಿಸ್ಟ್, ಅಂದರೆ ಇಂಥ ಅಮಲಿನ ಮದ್ದು ಕೊಟ್ಟು ನಡೆಸುವ ಚಿಕಿತ್ಸೆಯ ಥೆರಪಿಸ್ಟ್, ಆಗಬೇಕು ಅಂತ ಆಸೆ. ಅಮ್ಮನಿಗೆ ಹೇಳಿದರೆ ‘ಡ್ರಗ್ಸ್ ಟೀಚರ್ ಆಗ್ತೀಯಾ?’ ಅಂತಾರೆ. ಇದಕ್ಕೆ ಇಲ್ಲಿ ದಾರಿ ಇದೆಯಾ?
– ಒಬ್ಬ ವಿದ್ಯಾರ್ಥಿನಿ, ದಾವಣಗೆರೆ

ನೋಡಮ್ಮಾ, ಮೊದಲು ಅಮ್ಮನ ಮೇಲೆ ಸಿಟ್ಟಾಗಬೇಡ. ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಎಲ್‌ಎಸ್‌ಡಿ, ಎಂಡಿಎಂಎ, ಸೈಲೋಸೈಬಿನ್, ಮನಸ್ಸಿನ ಸ್ಥಿತಿಯನ್ನೇ ಬದಲಿಸುವ ಈ ಮೂರೂ ವಸ್ತು ನಮ್ಮ 1985ರ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿವೆ. ವೈದ್ಯಕೀಯ ಮತ್ತು ವೈಜ್ಞಾನಿಕ ಕೆಲಸಕ್ಕೆ ಕಾಯ್ದೆಯಲ್ಲೇ ಒಂದು ಕಿಂಡಿ ಬಿಟ್ಟಿದ್ದಾರೆ. ಆದರೆ ಅದು ಲೈಸೆನ್ಸು, ಅನುಮತಿ ಇರುವ ಸಂಶೋಧಕರಿಗೆ. ಬೋರ್ಡು ಹಾಕಿಕೊಂಡು ಕೂರುವ ನನ್ನಂಥ ಆಪ್ತ ಸಮಾಲೋಚಕರಿಗಲ್ಲ.

ಹೊರಗೆ ಏನಾಗಿದೆ ಅಂತ ಹೇಳುತ್ತೇನೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ, ಅನುಮತಿ ಪಡೆದ ಮನೋವೈದ್ಯರು ಎರಡು ಕಾಯಿಲೆಗೆ ಇವನ್ನು ಬರೆದುಕೊಡಬಹುದು. ದೊಡ್ಡ ಆಘಾತದ ನಂತರ ಬರುವ ಪಿಟಿಎಸ್‌ಡಿಗೆ ಎಂಡಿಎಂಎ. ಬೇರೆ ಔಷಧಿಗೆ ಬಗ್ಗದ ಖಿನ್ನತೆಗೆ ಸೈಲೋಸೈಬಿನ್. ಅಮೆರಿಕದ ಆರೆಗನ್ ರಾಜ್ಯದಲ್ಲಿ 2020ರಲ್ಲಿ ಜನರೇ ಮತ ಹಾಕಿ ಸೈಲೋಸೈಬಿನ್ ಸೇವೆಗೆ ಒಪ್ಪಿಗೆ ಕೊಟ್ಟರು. ಅಲ್ಲಿ ಮದ್ದು ತಗೊಂಡವರ ಪಕ್ಕದಲ್ಲಿ ಕೂರುವವರಿಗೆ ಮನಃಶಾಸ್ತ್ರದ ಡಿಗ್ರಿಯೇ ಬೇಕಿಲ್ಲ. 120 ಗಂಟೆ ಪಾಠ, 40 ಗಂಟೆ ಪ್ರಾಯೋಗಿಕ, ಒಂದು ಪರೀಕ್ಷೆ. ನನಗಂತೂ ಇದು ಕಡಿಮೆ ಅನ್ನಿಸುತ್ತೆ. ಕಾರ್ ಡ್ರೈವಿಂಗ್ ಬೇರೆ, ಇನ್ನೊಬ್ಬರ ತಲೆಯೊಳಗೆ ಆರು ಗಂಟೆ ಬಿರುಗಾಳಿ ಎದ್ದಾಗ ಪಕ್ಕದಲ್ಲಿ ಕೂರುವುದು ಬೇರೆ ಅಲ್ವಾ?

ಎಂಡಿಎಂಎ ವಿಷಯದಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಆಗಸ್ಟ್‌ನಲ್ಲಿ ‘ಈಗ ಆಗಲ್ಲ, ಇನ್ನೊಂದು ಪ್ರಯೋಗ ಮಾಡಿ’ ಅಂದಿತು. ಯೂಟ್ಯೂಬಿನಲ್ಲಿ ಇದನ್ನು ದೊಡ್ಡ ಕಂಪನಿಗಳ ಸಂಚು ಅನ್ನುವವರಿದ್ದಾರೆ. ಅಷ್ಟು ಸುಲಭವಲ್ಲ. ಮದ್ದು ತಗೊಂಡವರಿಗೆ ತಾವು ತಗೊಂಡಿದ್ದು ಮದ್ದೋ ಸಕ್ಕರೆ ಗುಳಿಗೆಯೋ ಅಂತ ಕೂಡಲೇ ಗೊತ್ತಾಗಿಬಿಡುತ್ತೆ. ಹಾಗಾದರೆ ಹೋಲಿಸುವುದು ಹೇಗೆ? ಅದೂ ಅಲ್ಲದೆ, ಕೆನಡಾದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಥೆರಪಿಸ್ಟರೇ ರೋಗಿಯ ಜೊತೆ ಮಿತಿ ಮೀರಿ ನಡೆದುಕೊಂಡಿದ್ದು ಹೊರಬಂತು. ಮದ್ದಿನ ಅಮಲಿನಲ್ಲಿರುವವರು ‘ಬೇಡ’ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಈ ಕೆಲಸಕ್ಕೆ ಹೋಗುವವರು ಮೊದಲು ನೆನಪಿಡಬೇಕಾದದ್ದು ಇದನ್ನೇ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಎಂಡಿಎಂಎ ಪ್ರಯೋಗಗಳಲ್ಲಿ ಒಬ್ಬರಿಗೆ ಮದ್ದು ಕೊಡುವ ದಿನಗಳು ಮೂರು. ಒಂದೊಂದೂ ಎಂಟು ಗಂಟೆ. ಅದಕ್ಕೂ ಮೊದಲು ಮೂರು ಸಲ ಮಾತು, ಆಮೇಲೆ ಒಂಬತ್ತು ಸಲ ಮಾತು, ಒಂದೊಂದೂ ಒಂದೂವರೆ ಗಂಟೆ. ಒಟ್ಟು 42 ಗಂಟೆ, ಅದೂ ಇಬ್ಬರು ಥೆರಪಿಸ್ಟರು. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಕೂತಾಗ ಒಬ್ಬರಿಗೆ ಕಾಲು ಗಂಟೆ ಸಿಕ್ಕರೆ ಪುಣ್ಯ. 42 ಗಂಟೆ ಅಂದರೆ ನನ್ನ ಲೆಕ್ಕದಲ್ಲಿ 168 ಜನ. ಇದನ್ನು ಬರೆದಿಟ್ಟುಕೊಂಡು ಸ್ವಲ್ಪ ದಿನ ನನಗೇ ಬೇಜಾರಾಗಿತ್ತು. ಆ ಜನ ವಾಸಿಯಾಗಿದ್ದು ಮದ್ದಿನಿಂದಲೋ, ಅಥವಾ ಜೀವನದಲ್ಲಿ ಮೊದಲ ಸಲ ಯಾರೋ ಇಬ್ಬರು 42 ಗಂಟೆ ಗಡಿಯಾರ ನೋಡದೆ ಕೂತಿದ್ದರಿಂದಲೋ?

ಸದ್ಯಕ್ಕೆ ಇಲ್ಲಿ ಕಾನೂನಿನ ಒಳಗೆ ಇರುವುದು ಕೆಟಮಿನ್ ಮಾತ್ರ. ಅರಿವಳಿಕೆ ಔಷಧಿ ಅದು. ಬಗ್ಗದ ಖಿನ್ನತೆಗೆ ಕೆಲವು ಮನೋವೈದ್ಯರು ಆಸ್ಪತ್ರೆಯೊಳಗೆ ಕೊಡುತ್ತಾರೆ. ಅದಕ್ಕೂ ನಿಯಂತ್ರಣ ಇದೆ, ಅದನ್ನು ಕೊಡುವುದು ವೈದ್ಯರು. ನಿನ್ನ ಪಾತ್ರ ಮುಂಚೆ ಮತ್ತು ಆಮೇಲೆ. ಆದ್ದರಿಂದ ನೋಂದಣಿ ಇರುವ ದಾರಿ ಹಿಡಿ. ಕ್ಲಿನಿಕಲ್ ಸೈಕಾಲಜಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐ, ಮಾನ್ಯತೆ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಇದೆ, ಧಾರವಾಡದ ಡಿಮ್ಹಾನ್ಸ್ ಇದೆ. ಕೋರ್ಸುಗಳ ಹೆಸರು ಬದಲಾಗುತ್ತಾ ಇವೆ. ಸೇರುವ ಮುಂಚೆ ‘ಇದು ಮುಗಿದ ಮೇಲೆ ಆರ್‌ಸಿಐ ನಂಬರ್ ಸಿಗುತ್ತಾ?’ ಅಂತ ಒಂದೇ ಪ್ರಶ್ನೆ ಕೇಳು. ಮೂರು ವಾರಾಂತ್ಯದಲ್ಲಿ ‘ಸರ್ಟಿಫೈಡ್ ಸೈಕೆಡೆಲಿಕ್ ಗೈಡ್’ ಮಾಡುತ್ತೇವೆ ಅಂತ ಆನ್‌ಲೈನಲ್ಲಿ ಹಣ ಕೇಳುವವರಿಗೆ ಒಂದು ರೂಪಾಯಿ ಕೊಡಬೇಡ. ಆ ದುಡ್ಡಲ್ಲಿ ಅಮ್ಮನನ್ನು ಬೆಣ್ಣೆ ದೋಸೆಗೆ ಕರೆದುಕೊಂಡು ಹೋಗು. ಅಲ್ಲೇ ಕೂತು ಇದನ್ನೆಲ್ಲ ಬಿಡಿಸಿ ಹೇಳು.

*

ಅಕ್ಕಾ, ನಾಲ್ಕು ವರ್ಷದಿಂದ ಖಿನ್ನತೆಯ ಮಾತ್ರೆ ತಗೊಳ್ತಾ ಇದ್ದೀನಿ. ಗೆಳೆಯರು ಕೊಡೈಕೆನಾಲ್‌ಗೆ ಹೊರಟಿದ್ದಾರೆ. ‘ಅಲ್ಲಿ ಅಣಬೆ ಸಿಗುತ್ತೆ, ಒಂದೇ ಸಲಕ್ಕೆ ಎಲ್ಲ ಕ್ಲಿಯರ್ ಆಗುತ್ತೆ, ಮಾತ್ರೆ ಬಿಟ್ಟು ಬಾ’ ಅಂತಾರೆ. ಹೋಗಲಾ?
– ಹರಿಹರ

ಕೊಡೈಕೆನಾಲ್‌ಗೆ ಹೋಗು. ಚಳಿ ಚೆನ್ನಾಗಿರುತ್ತೆ. ಅಣಬೆ ಮುಟ್ಟಬೇಡ, ಮಾತ್ರೆ ಬಿಡಬೇಡ.

ಯಾಕೆ ಅಂತ ಕೇಳು. ಖಿನ್ನತೆಯ ಮಾತ್ರೆ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ತಲೆ ತಿರುಗುವುದು, ನಿದ್ದೆ ಕೆಡುವುದು, ಮೊದಲಿಗಿಂತ ಜೋರಾಗಿ ಕಾಯಿಲೆ ತಿರುಗಿ ಬರುವುದು ಎಲ್ಲ ಇದೆ. ಲಿಥಿಯಂ ಅನ್ನುವ ಮನೋರೋಗದ ಮಾತ್ರೆ ತಗೊಳ್ಳುವವರು ಇಂಥ ಅಣಬೆ ತಿಂದು ಫಿಟ್ಸ್ ಬಂದ ಉದಾಹರಣೆಗಳಿವೆ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾ ಅಥವಾ ಬೈಪೋಲಾರ್ ಇದ್ದರೆ, ಅಂಥವರನ್ನು ಪ್ರಯೋಗಗಳಿಗೂ ಸೇರಿಸಿಕೊಳ್ಳುವುದಿಲ್ಲ. ನಿನ್ನ ಗೆಳೆಯರು ನಿನ್ನ ದೊಡ್ಡಪ್ಪನ ಬಗ್ಗೆ ಕೇಳಿದರಾ? ಅಣಬೆ ಮಾರುವವನು ಕೇಳುತ್ತಾನಾ? ಅದು ಯಾವ ಅಣಬೆ ಅಂತಾದರೂ ಅವನಿಗೆ ಗೊತ್ತಾ?

ನಾಲ್ಕು ವರ್ಷದ ಮಾತ್ರೆ ಸಾಕಾಗಿದ್ದರೆ ಅದನ್ನೇ ಡಾಕ್ಟರಿಗೆ ಹೇಳು. ಡೋಸ್ ಇಳಿಸಲು ಕ್ರಮ ಇದೆ, ಬದಲಿಸಲು ಬೇರೆ ಔಷಧಿ ಇದೆ. ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ ಟೆಲಿ-ಮಾನಸ್ ಸಹಾಯವಾಣಿಗೆ ಫೋನ್ ಮಾಡು, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

*

ಅಮೆರಿಕದಲ್ಲಿ ಕೈದಿಗಳಿಗೆ ಇಂಥ ಮದ್ದು ಕೊಟ್ಟು ಒಳ್ಳೆಯವರನ್ನಾಗಿ ಮಾಡಿದ್ದರಂತೆ. ನಿಜವೇ? ನಮ್ಮ ಜೈಲುಗಳಲ್ಲಿ ಯಾಕೆ ಮಾಡಬಾರದು?
– ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಸರ್, ಕೊಟ್ಟಿದ್ದು ನಿಜ. ಒಳ್ಳೆಯವರಾದರು ಅನ್ನುವುದು ಅನುಮಾನ.

1961ರಿಂದ 63ರವರೆಗೆ, ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಜೈಲಿನಲ್ಲಿ ಹಾರ್ವರ್ಡ್‌ನ ಟಿಮೋತಿ ಲಿಯರಿ ಮತ್ತು ಗೆಳೆಯರು 32 ಕೈದಿಗಳಿಗೆ ಸೈಲೋಸೈಬಿನ್ ಕೊಟ್ಟರು. ಜೊತೆಗೆ ಗುಂಪಾಗಿ ಕೂತು ಮಾತು. ಬಿಡುಗಡೆಯಾದವರು ತಿರುಗಿ ಜೈಲಿಗೆ ಬರುವುದು ಎಷ್ಟೋ ಕಡಿಮೆಯಾಯಿತು ಅಂತ ಲಿಯರಿ ಹೇಳಿಕೊಂಡರು. ಮುಂದೆ 1998ರಲ್ಲಿ ರಿಕ್ ಡಾಬ್ಲಿನ್ ಹಳೇ ದಾಖಲೆ ತೆಗೆದು ಮತ್ತೆ ಲೆಕ್ಕ ಹಾಕಿದರು. ಹೊರಗೆ ಬಂದು ಕಡಿಮೆ ದಿನ ಆದವರನ್ನು ಜಾಸ್ತಿ ದಿನ ಆದವರ ಜೊತೆ ಲಿಯರಿ ಹೋಲಿಸಿದ್ದರು, ಅಷ್ಟೇ. ಸರಿಯಾಗಿ ಹೋಲಿಸಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಡಾಬ್ಲಿನ್ ಈ ಮದ್ದುಗಳ ವಿರೋಧಿ ಅಲ್ಲ. ಇವುಗಳಿಗಾಗಿಯೇ 1986ರಲ್ಲಿ ಮ್ಯಾಪ್ಸ್ ಅನ್ನುವ ಸಂಸ್ಥೆ ಕಟ್ಟಿದವರು. ತಮ್ಮವರ ತಪ್ಪನ್ನೇ ತೋರಿಸಿದ ಆ ಗುಣ ನನಗೆ ಇಷ್ಟ. ಬಿಡುಗಡೆಯಾದ ಮೇಲೆ ಆಸರೆ ಸಿಗಬೇಕಿತ್ತು, ಅದು ಅಂದುಕೊಂಡಂತೆ ಆಗಲಿಲ್ಲ ಅಂತಲೂ ಅವರು ಬರೆದಿದ್ದಾರೆ.

ಇದಕ್ಕಿಂತ ಕೆಟ್ಟ ಕಥೆಯೂ ಇದೆ. 1950ರ ದಶಕದಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ, ಮಾದಕ ವ್ಯಸನಿ ಕೈದಿಗಳ ಮೇಲೆ ಎಲ್‌ಎಸ್‌ಡಿ ಪ್ರಯೋಗ ನಡೆಯಿತು. ಕೆಲವರಿಗೆ ಸತತ 77 ದಿನ ಕೊಟ್ಟರು. ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಒಪ್ಪಿಕೊಂಡಿದ್ದಕ್ಕೆ ಸಿಕ್ಕ ಬಹುಮಾನ ಏನು ಗೊತ್ತಾ ಸರ್? ಅವರು ಯಾವ ಮಾದಕ ವಸ್ತುವಿನ ಚಟಕ್ಕೆ ಒಳಗೆ ಬಂದಿದ್ದರೋ ಅದೇ.

ನಮ್ಮಲ್ಲಿ ಯಾಕೆ ಬೇಡ ಅಂದರೆ ಇದಕ್ಕೇ. ಬೀಗ ಹಾಕಿದ ಕೋಣೆಯಲ್ಲಿ ಇರುವವನು ‘ಹೂಂ’ ಅಂದರೆ ಅದು ಒಪ್ಪಿಗೆಯೋ, ಸಾಹೇಬರಿಗೆ ಬೇಜಾರಾಗದಿರಲಿ ಅನ್ನುವ ಲೆಕ್ಕಾಚಾರವೋ, ಯಾರು ಹೇಳಬೇಕು? ಇನ್ನೊಂದು ಮಾತು. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅದರಲ್ಲಿ 4,34,302 ಜನ ವಿಚಾರಣಾಧೀನರು. ನೂರಕ್ಕೆ ಎಪ್ಪತ್ತೈದರ ಮೇಲಾಯಿತು. ತಪ್ಪು ಮಾಡಿದ್ದಾರೆ ಅಂತ ಇನ್ನೂ ಯಾವ ಕೋರ್ಟೂ ಹೇಳದವರನ್ನು ‘ಒಳ್ಳೆಯವರನ್ನಾಗಿ’ ಮಾಡುವುದು ಹೇಗೆ?

*

ತಾಯಿ ಆಗಿ ಕೇಳ್ತಿದ್ದೀನಿ. ಮಗನಿಗೆ 22 ವರ್ಷ. ಬೆಂಗಳೂರಲ್ಲಿ ಕೆಲಸ. ರೂಮಿನಲ್ಲಿ ಸ್ವಲ್ಪ ಗಾಂಜಾ ಸಿಕ್ಕಿತು ಅಂತ ಕೇಸಾಗಿದೆ. ಅವನಪ್ಪ ‘ನಮಗೆ ಮಗನೇ ಇಲ್ಲ’ ಅಂತ ಕೂತಿದ್ದಾರೆ. ವಕೀಲರಿಗೆ ದುಡ್ಡಿಲ್ಲ. ಈ ವರ್ಷ ಶೇಂಗಾನೂ ಕೈ ಕೊಟ್ಟಿತು.
– ಚಳ್ಳಕೆರೆ ತಾಲ್ಲೂಕು

ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲು ಎಷ್ಟು ಸಿಕ್ಕಿತು ಅಂತ ಎಫ್‌ಐಆರ್‌ನಲ್ಲಿ ನೋಡಿಸಿ. ಎನ್‌ಡಿಪಿಎಸ್ ಕಾಯ್ದೆಯಲ್ಲಿ ಎಲ್ಲವೂ ತೂಕದ ಮೇಲೆ. ಗಾಂಜಾ ಒಂದು ಕಿಲೋವರೆಗೆ ‘ಸಣ್ಣ ಪ್ರಮಾಣ’. ಅದಕ್ಕೆ ಹೆಚ್ಚೆಂದರೆ ಒಂದು ವರ್ಷ ಜೈಲು, ಇಲ್ಲವೇ 10 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. 20 ಕಿಲೋ ಮೇಲಾದರೆ ವ್ಯಾಪಾರದ ಪ್ರಮಾಣ, ಅಲ್ಲಿ ಜಾಮೀನೇ ಕಷ್ಟ. (ಎಲ್‌ಎಸ್‌ಡಿಗೆ ಈ ಸಣ್ಣ ಪ್ರಮಾಣ ಎಷ್ಟು ಗೊತ್ತಾ? ಎರಡು ಮಿಲಿಗ್ರಾಂ. ಸಾಸಿವೆ ಕಾಳಿನಷ್ಟು. ಕಾಲೇಜು ಹುಡುಗರು ಇದನ್ನು ಓದಿಕೊಳ್ಳಲಿ.)

ಎರಡನೆಯದು. ಸೇದುವ ಚಟ ಇರುವವನು ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ, ಸಣ್ಣ ಪ್ರಮಾಣದ ಕೇಸಿನಲ್ಲಿ ಶಿಕ್ಷೆಯಿಂದ ರಕ್ಷಣೆ ಕೊಡುವ ಕಲಂ ಇದೆ, 64ಎ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗುತ್ತೆ. 39ನೇ ಕಲಂನಲ್ಲಿ, ತಪ್ಪು ಸಾಬೀತಾದರೂ ಕೋರ್ಟು ಜೈಲಿನ ಬದಲು ಚಿಕಿತ್ಸೆಗೆ ಕಳಿಸಬಹುದು. ಈ ಎರಡು ನಂಬರ್ ಒಂದು ಚೀಟಿಯಲ್ಲಿ ಬರೆದುಕೊಂಡು ವಕೀಲರ ಮುಂದೆ ಇಡಿ. ಅವನ ಕೇಸಿಗೆ ಹೊಂದುತ್ತಾ ಇಲ್ವಾ ಅಂತ ಅವರು ಹೇಳುತ್ತಾರೆ.

ದುಡ್ಡಿನ ಯೋಚನೆ ಬಿಡಿ. ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತೆ. ಹೆಣ್ಣುಮಕ್ಕಳಿಗೂ ಅಷ್ಟೇ. ಚಿತ್ರದುರ್ಗದಲ್ಲೂ ಕಚೇರಿ ಇದೆ, ಬೆಂಗಳೂರಲ್ಲೂ ಇದೆ. ಫೋನ್ 15100.

ಅವರಪ್ಪನ ವಿಷಯ. ಸಿಟ್ಟು ಇಳಿಯಲಿ ಅಂತ ಕಾಯಬೇಡಿ. ‘ಮುಂದಿನ ಡೇಟಿಗೆ ನೀವು ಬರಬೇಡಿ, ನಾನು ಹೋಗಿ ಬರ್ತೀನಿ, ಬಸ್ ಚಾರ್ಜ್ ಕೊಡಿ ಸಾಕು’ ಅನ್ನಿ. ನಾನು ನೋಡಿದ ಅಪ್ಪಂದಿರಲ್ಲಿ ಬಹಳ ಜನ ಬಸ್ ಚಾರ್ಜ್ ಕೊಡಲು ಎದ್ದವರು, ಬಸ್‌ಸ್ಟ್ಯಾಂಡ್‌ವರೆಗೆ ಬಂದು ತಾವೂ ಹತ್ತಿದ್ದಾರೆ.

*

ಮೇಡಂ, ನೀವು ಆಸ್ಪತ್ರೆ ಬಿಟ್ಟು ಜೈಲಿನ ಕಡೆ ಹೋಗಿದ್ದು ಯಾಕೆ? ನಾನು ಎಂ.ಎಸ್.ಡಬ್ಲ್ಯೂ. ಮುಗಿಸಿದ್ದೇನೆ. ಜೈಲಿನಲ್ಲಿ ಆಪ್ತ ಸಮಾಲೋಚಕರಿಗೆ ಏನು ಕೆಲಸ, ಸಂಬಳ ಹೇಗೆ?
– ಜಗಳೂರು

ಆಸ್ಪತ್ರೆ ಬಿಡಲಿಲ್ಲ. ವಾರಕ್ಕೆ ಒಂದು ದಿನ ಜೈಲಿಗೆ ಹೋಗಿ ಬನ್ನಿ ಅಂದರು, ಹೋದೆ. ಸಮಾಜ ಸೇವೆಯ ಹುಮ್ಮಸ್ಸೇನೂ ಇರಲಿಲ್ಲ. ಮೊದಲ ಎರಡು ವರ್ಷ ನಾನು ಮಾಡಿದ ಕೆಲಸ ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತೆ. ಒಂದು ಕಥೆ ಹೇಳುತ್ತೇನೆ. ಯಾವ ಜೈಲು ಅಂತ ಬೇಡ.

2011ರ ಮಾತು. ಒಬ್ಬ ಹಮಾಲಿ. ಮೆಕ್ಕೆಜೋಳದ ಮೂಟೆ ಹೊರುತ್ತಿದ್ದವನು. ಕಳ್ಳತನದ ಕೇಸು. ವಾರವಾರ ನನ್ನ ಮುಂದೆ ಬಂದು ಕೂರುತ್ತಿದ್ದ. ನಾನು ನಿದ್ದೆ ಬರುತ್ತಾ, ಸಿಟ್ಟು ಬರುತ್ತಾ, ಹೆಂಡತಿ ನೆನಪಾಗ್ತಾಳಾ ಅಂತೆಲ್ಲ ಕೇಳುವೆ. ಅವನು ಎಲ್ಲದಕ್ಕೂ ಒಂದೇ ಮಾತು: ‘ಮೇಡಂ, ನನ್ ಡೇಟ್ ಯಾವಾಗ?’ ಮಾತಾಡುತ್ತಾ ಆಡುತ್ತಾ ಅಂಗಿ ಸ್ವಲ್ಪ ಎತ್ತಿ ಉಡಿದಾರ ಎಳೆದು ಬೆರಳಲ್ಲಿ ಸವರುವನು. ಕೆಂಪು ಉಡಿದಾರ. ಬೆವರಿಗೆ ಕಪ್ಪಾಗಿತ್ತು. ಅದರ ತುಂಬ ಸಣ್ಣ ಸಣ್ಣ ಗಂಟು. ಒಂದೊಂದನ್ನೂ ಮುಟ್ಟಿ ಮುಟ್ಟಿ ಎಣಿಸುವನು. ಕೊನೆಗೆ ಬಂದರೆ ಮತ್ತೆ ಮೊದಲಿಂದ.

ನಾನು ಫೈಲಲ್ಲಿ ಬರೆದೆ: ‘ತೀವ್ರ ಆತಂಕ. ಎಣಿಸುವ ಗೀಳು.’ ಉಸಿರಾಟದ ವ್ಯಾಯಾಮ ಹೇಳಿಕೊಟ್ಟೆ. ನಾಲ್ಕು ತಿಂಗಳು.

ಒಂದು ದಿನ ಕಾನೂನು ನೆರವಿನ ಹುಡುಗಿ ಒಬ್ಬಳು ಬಂದಳು. ಆಗಷ್ಟೇ ಸನ್ನದು ಸಿಕ್ಕಿದ ವಕೀಲೆ. ಜಾಗ ಇಲ್ಲ ಅಂತ ನನ್ನ ಮೇಜಿನ ಮೂಲೆಯಲ್ಲೇ ಕೂತಿದ್ದಳು. ಅವನ ಕೈ ನೋಡಿದವಳೇ ಕೇಳಿದಳು: ‘ಅಣ್ಣಾ, ಅದೇನು ಗಂಟು?’ ಅವನು ಹೇಳಿದ: ‘ತಿಂಗಳಿಗೊಂದು ಕಣಮ್ಮ. ಅಮಾಸೆಗೆ ಹಾಕ್ತೀನಿ.’ ‘ಎಷ್ಟಾಯ್ತು?’ ‘ಹತ್ತೊಂಬತ್ತು.’

ಅವಳು ಪೆನ್ನು ಕೆಳಗಿಟ್ಟಳು. ಆ ಕೇಸಿಗೆ ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ. ಅರ್ಧ ಅಂದರೆ ಹದಿನೆಂಟು ತಿಂಗಳು. ಅಷ್ಟು ದಿನ ಒಳಗಿದ್ದ ವಿಚಾರಣಾಧೀನನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದು ಅಂತ 2006ರಲ್ಲೇ ದಂಡ ಪ್ರಕ್ರಿಯಾ ಸಂಹಿತೆಯ 436ಎ ಕಲಂ ಜಾರಿಗೆ ಬಂದಿತ್ತು. ಇನ್ನೂ ತಮಾಷೆ ಕೇಳಿ. ಅವನಿಗೆ ಜಾಮೀನು ಎಂದೋ ಸಿಕ್ಕಿತ್ತು. ಶ್ಯೂರಿಟಿಗೆ ಪಹಣಿ ತರುವವರು ಯಾರೂ ಇರಲಿಲ್ಲ. ಅವನ ಕಡೆಯವರಿಗೆ ಜಮೀನೇ ಇಲ್ಲ, ಪಹಣಿ ಎಲ್ಲಿಂದ ಬರಬೇಕು?

ಮೂರು ವಾರದಲ್ಲಿ ಹೊರಗೆ ಹೋದ. ಆತಂಕ ಏನಾಯಿತೋ ಗೊತ್ತಿಲ್ಲ, ನಾನು ಕೇಳಲಿಲ್ಲ. ಅವನಿಗೆ ಇದ್ದದ್ದು ಗೀಳಲ್ಲ, ಕ್ಯಾಲೆಂಡರ್.

ಅಂದಿನಿಂದ ನನ್ನ ಹಾಳೆಯಲ್ಲಿ ‘ನಿದ್ದೆ ಬರುತ್ತಾ?’ ಅನ್ನುವ ಪ್ರಶ್ನೆಗೆ ಮೊದಲೇ ಮೂರು ಪ್ರಶ್ನೆ ಇವೆ. ಯಾವ ಕಲಂ? ಒಳಗೆ ಬಂದು ಎಷ್ಟು ದಿನ? ಜಾಮೀನು ಸಿಕ್ಕಿಯೂ ಶ್ಯೂರಿಟಿ ಇಲ್ಲದೆ ಕೂತಿದ್ದೀರಾ? ನೀನು ಈ ಕೆಲಸಕ್ಕೆ ಬಂದರೆ ನಿನಗೆ ಬೇಕಾದದ್ದೂ ಇದೇ. 2024ರ ಜುಲೈ 1ರಿಂದ ಆ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಹೊಸ ಕಾಯ್ದೆ ಬಿಎನ್‌ಎಸ್‌ಎಸ್ ಬಂದಿದೆ. ಅದರ 479ನೇ ಕಲಂ ಓದಿಕೋ. ಹಿಂದೆ ಯಾವ ಕೇಸಿನಲ್ಲೂ ತಪ್ಪು ಸಾಬೀತಾಗಿಲ್ಲದವರಿಗೆ ಈಗ ಅರ್ಧ ಅಲ್ಲ, ಮೂರನೇ ಒಂದು ಭಾಗ. ಅರ್ಜಿ ಹಾಕುವುದು ಜೈಲಿನ ಸೂಪರಿಂಟೆಂಡೆಂಟರ ಜವಾಬ್ದಾರಿ. ಒಂದಕ್ಕಿಂತ ಹೆಚ್ಚು ಕೇಸು ಇದ್ದವರಿಗೆ, ಗಲ್ಲು ಅಥವಾ ಜೀವಾವಧಿ ಆಗಬಹುದಾದ ಕೇಸಿನವರಿಗೆ ಇದು ಸಿಗುವುದಿಲ್ಲ. ಆ ಹಮಾಲಿಗೆ ಅದೇ ಮೊದಲ ಕೇಸು. ಇವತ್ತಾಗಿದ್ದರೆ ಹನ್ನೆರಡನೇ ಗಂಟಿಗೇ ಮನೆಗೆ ಹೋಗುತ್ತಿದ್ದ.

1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯನ್ನೂ ಓದು. ಇಪ್ಪತ್ತೊಂದರ ಒಳಗಿನ ಹುಡುಗರನ್ನು ಸುಮ್ನೆ ಜೈಲಿಗೆ ಕಳಿಸಬಾರದು, ಕಳಿಸುವುದಾದರೆ ಕೋರ್ಟು ಕಾರಣ ಬರೆಯಬೇಕು ಅಂತ ಅದರಲ್ಲಿದೆ. ಹಳೇ ಕಾಯ್ದೆ, ಒಳ್ಳೇ ಕಾಯ್ದೆ, ನೆನಪಿಸುವವರು ಕಡಿಮೆ. ಸಂಬಳದ ಬಗ್ಗೆ ಕೇಳಿದ್ದೀಯ. ಗುತ್ತಿಗೆ ಕೆಲಸ, ಎರಡು ಮೂರು ತಿಂಗಳು ತಡವಾಗಿ ಬರುತ್ತೆ. ಮನೆಯಲ್ಲಿ ಇನ್ನೊಬ್ಬರು ದುಡಿಯುವವರಿದ್ದರೆ ಬಾ.

*

ಕೋಪ ಮಾಡಿಕೊಳ್ಳಬೇಡಿ. ಇಷ್ಟೆಲ್ಲ ಹೇಳ್ತೀರಲ್ಲ, ನೀವು ಯಾವತ್ತಾದರೂ ಇಂಥದ್ದು ತಗೊಂಡಿದ್ದೀರಾ?
– ಹೆಸರಿಲ್ಲದ ಪತ್ರ, ಹೊಳಲ್ಕೆರೆ ಅಂಚೆ ಮುದ್ರೆ

ತಗೊಂಡಿಲ್ಲ. ಕೊಟ್ಟಿದ್ದಾರೆ.

1996ರಲ್ಲಿ ಲೂನಾದಿಂದ ಬಿದ್ದು ಬಲ ಮುಂಗೈ ಮುರಿದಿತ್ತು. ಮೂಳೆ ಕೂರಿಸುವಾಗ ಒಂದು ಇಂಜೆಕ್ಷನ್ ಹಾಕಿದರು. ಕೆಟಮಿನ್ ಅಂತ ಆಮೇಲೆ ಚೀಟಿ ನೋಡಿ ಗೊತ್ತಾಯಿತು. ಮೇಲೆ ತಿರುಗುತ್ತಿದ್ದ ಫ್ಯಾನು ನಿಧಾನಕ್ಕೆ ಅಗಲವಾಗಿ ನಮ್ಮಜ್ಜಿ ಮನೆಯ ತೊಟ್ಟಿ ಆಯಿತು. ಅಜ್ಜಿ ಸತ್ತು ಆರು ವರ್ಷವಾಗಿತ್ತು. ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ಒಂದೊಂದು ಕಾಯಿ ಒಡೆದಾಗಲೂ ಬಾಗಿಲು ಹಾಕಿದಷ್ಟು ಸದ್ದು. ಹತ್ತಿರ ಹೋಗಬೇಕು ಅಂದರೆ ನನಗೆ ಕಾಲಿಲ್ಲ. ಕೈ ಎಲ್ಲಿದೆ ಅಂತ ಹುಡುಕಿದರೆ ಕೈಯೂ ಇಲ್ಲ. ಆ ಹೆದರಿಕೆ ಹೇಳುವುದಕ್ಕೆ ಬರುವುದಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಹೆಣ್ಣು ದನಿ: ‘ಇಲ್ಲೇ ಇದೀನಿ. ಎಲ್ಲೂ ಹೋಗಿಲ್ಲ. ಇಲ್ಲೇ ಇದೀನಿ.’ ಆ ದನಿ ಹಿಡಿದುಕೊಂಡೇ ವಾಪಸ್ಸು ಬಂದೆ.

ಎಚ್ಚರವಾದ ಮೇಲೆ ನರ್ಸಮ್ಮನ ಕೈ ಹಿಡಿದು ಅತ್ತುಬಿಟ್ಟೆ. ‘ನೀವು ಹಾಗೆ ಹೇಳ್ತಾ ಇರಲಿಲ್ಲ ಅಂದರೆ ನಾನು ಬರ್ತಾನೇ ಇರಲಿಲ್ಲ’ ಅಂದೆ. ಅವರು ಬ್ಯಾಂಡೇಜು ಸುತ್ತುತ್ತಾ ಪಕ್ಕದ ಮಂಚದ ಕಡೆ ಗದ್ದ ತೋರಿಸಿದರು.

‘ನಿಮಗಲ್ಲಮ್ಮ, ಆ ಮಗೂಗೆ ಹೇಳ್ತಿದ್ದೆ.’